ರೆಕ್ಕಿ ಕಟ್ಟಿದಾಕಿ ಹೆಸರು ಎಲ್ಲೆ?

ನಮ್ಮ ತಂಗಿ ಮಗಳು ಅಮೆರಿಕಾದಾಗ ತನ್ನ ಮನಿ ಗ್ಯಾರೇಜಿನೊಳಗ ಗಂಡನ ಜೋಡಿ ವಿಮಾನದ ರೆಕ್ಕಿ ಕಟ್ಟಲಿಕತ್ತಾಳ ಅನ್ನೋ ಸುದ್ದಿ ನಮ್ಮ ಬಳಗಕ್ಕೆಲ್ಲಾ ಮುಟ್ಟ್ಯದ. ಮುಟ್ಟಿದ್ದು ಛಲೋನ ಆತು. ಆದ್ರ ಅದರ ಮ್ಯಾಲೆ ಬಂದ ಮಾತು ಮೂರು ಥರದ್ದು. ಒಂದು, "ಸಂಸಾರ ಬಿಟ್ಟು ತಗಡು ಬಡಕೋತ ಕೂತಾಳ." ಎರಡು, "ಮನ್ಯಾಗ ಕಟ್ಟಿದ್ದು ಹಾರತದೇನು? ಜೀವಕ್ಕ ಕುತ್ತು." ಮೂರನೇದು ಹೊಗಳಿಕಿ: "ಅಳಿಯಾ ಭಾಳ ಶಾಣ್ಯಾ ಬಿಡ್ರಿ, ವಿಮಾನಾನಽ ಕಟ್ಟಲಿಕತ್ತಾನ!"

ಮೊದಲಿನ ಎರಡು ಮಾತಿಗೆ ನನಗ ಸಿಟ್ಟು ಬಂದಿಲ್ಲ. ಒಂದು ಹೊಟ್ಟಿಕಿಚ್ಚಿನ ಮಾತು, ಇನ್ನೊಂದು ಕಾಳಜಿ ಮಾತು, ಎರಡೂ ನಮ್ಮ ಮನಿಯಾಗ ಹೊಸಾವಲ್ಲ. ಸಿಟ್ಟು ಬಂದದ್ದು ಮೂರನೇದಕ್ಕ. ವೈನಿಗೋಳ, ಅಕ್ಕಾ-ತಂಗೇರ, ಆ ಹೊಗಳಿಕಿ ನಿಮ್ಮ ಬಾಯಿಂದನಽ ಬಂದದ, ಅದಕ್ಕ ಇದನ್ನ ನಿಮಗಽ ಬರಿಲಿಕತ್ತೇನಿ.

"ಸಂಸಾರ ಬಿಟ್ಟು" ಅನ್ನೋರಿಗೆ ಉತ್ತರ ಸಣ್ಣದು. ಆಕಿ ವಾರಕ್ಕ ಐದು ದಿನ ನೌಕರಿಗೆ ಹೋಗ್ತಾಳ, ಮಗನ್ನ ಸಾಲಿಗೆ ಕಳಸ್ತಾಳ, ಅಧಿಕ ಮಾಸ ಬಂದ್ರ ಅನಾರಸಾನೂ ಕರೀತಾಳ. ರಾತ್ರಿ ಮಗಾ ಮಲಗಿದ ಮ್ಯಾಲೆ ಸದ್ದಿಲ್ಲದ ಕೆಲಸ ಒಂದೆರಡು ತಾಸು, ಶನಿವಾರ ಸದ್ದಿನ ಕೆಲಸ ನಾಕು ತಾಸು. ಅಷ್ಟು ಹೊತ್ತು ನಮ್ಮ ಗಂಡಸರು ಕ್ರಿಕೆಟ್ ನೋಡ್ತಾರ, ಯಾರ ಸಂಸಾರ ಮುಳುಗ್ಯದ? ಈ ಮಾತು ಇಲ್ಲಿಗೆ ಸಾಕು.

ಇನ್ನ ಕಿಟ್ ವಿಮಾನ ಅಂದ್ರ ಏನಂತ ತಿಳ್ಕೊಳ್ರಿ. ಕಂಪನಿಯವರು ಮರದ ಪೆಟ್ಟಿಗಿಯೊಳಗ ಅಲ್ಯುಮಿನಿಯಂ ತಗಡು, ಒತ್ತಿ ಮಾಡಿದ ಬಿಡಿ ಭಾಗ, ರಿವೆಟ್ಟಿನ ಚೀಲ, ದಪ್ಪನ್ನ ನಕಾಶೆ ಪುಸ್ತಕ ಕಳಸ್ತಾರ. ಕಟ್ಟೋದು ನಾವು. ಅಲ್ಲಿ ಸರಕಾರದ ಕಾಯ್ದೆ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸ ಕಟ್ಟೋರೇ ಮಾಡಿರಬೇಕು, ಅದೂ ತಮ್ಮ ಶಿಕ್ಷಣಕ್ಕ ಇಲ್ಲಾ ಮನರಂಜನಿಗೆ. ಬಾಡಿಗಿಗೆ ಮಂದಿ ಕೂಡಿಸ್ಕೊಂಡು ಹಾರಸೋಹಂಗಿಲ್ಲ. ಇದು ಹುಚ್ಚರ ಆಟ ಅಲ್ಲ: ಆರೆಗಾನ್ ರಾಜ್ಯದ ವ್ಯಾನ್ಸ್ ಅನ್ನೋ ಒಂದಽ ಕಂಪನಿ ಕಿಟ್ಟಿನಿಂದ ಇಲ್ಲಿತನಕ 11,000ಕ್ಕೂ ಹೆಚ್ಚು ವಿಮಾನ ಹಾರ್ಯಾವ. ನಮ್ಮ ಮುಂಬೈಯಾಗ ಕ್ಯಾಪ್ಟನ್ ಅಮೋಲ್ ಯಾದವ ಅವರು ಕಿಟ್ಟೂ ಇಲ್ಲದ ಮನಿ ಟೆರೇಸಿನ ಮ್ಯಾಲೆ ಆರು ಸೀಟಿನ ವಿಮಾನ ಕಟ್ಟಿ 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಾಗ ಇಟ್ಟಿದ್ರು. ಟೆರೇಸಿನ ಮ್ಯಾಲೆ ನಾವು ಹಪ್ಪಳ ಸಂಡಿಗಿ ಹಾಕ್ತೇವಿ, ಅವರು ವಿಮಾನ ಹಾಕಿದ್ರು.

ಹೋದ ವರ್ಷ ತಂಗಿ ಜೋಡಿ ಹೋಗಿ ನಾ ಮೂರು ತಿಂಗಳು ಅಲ್ಲಿದ್ದೆ. ಊಟ ಆದ ಮ್ಯಾಲೆ ಗ್ಯಾರೇಜಿನಾಗ ಕುರ್ಚಿ ಹಾಕ್ಕೊಂಡು ಕೂಡೋದಽ ನನ್ನ ಟಿ.ವಿ. ಹಂಗಂತ ರೆಕ್ಕಿ ಹೆಂಗ ಆಗ್ತದ ಅನ್ನೋದು ನನಗ ಗೊತ್ತದ. ಹೇಳತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ನಮ್ಮ ಹಳೇ ಮಾಳಗಿ ಮನಿಗೆ ತೊಲಿ, ತೊಲಿಗೆ ಜಂತಿ ಇರ್ತಿದ್ದವಲ್ಲ? ರೆಕ್ಕಿನೂ ಹಂಗಽ. ಉದ್ದಕ ಒಂದು ಗಟ್ಟಿ ತೊಲಿ, ಅದಕ್ಕ ಸ್ಪಾರ್ ಅಂತಾರ. ಅದಕ್ಕ ಅಡ್ಡ ಸಾಲಾಗಿ ಮೀನಿನ ಆಕಾರದ ತೆಳು ಪಟ್ಟಿ, ಅವು ರಿಬ್. ಮ್ಯಾಲೆ ಕೆಳಗ ತಗಡಿನ ಹೊದಿಕಿ. ವಿಮಾನ ಹಾರುವಾಗ ರೆಕ್ಕಿ ತುದಿ ಮ್ಯಾಲೆ ಬಾಗತದ. ಆಗ ಮ್ಯಾಲಿನ ತಗಡು ಒತ್ತಿ ಬರ್ತದ, ಕೆಳಗಿನದು ಜಗ್ಗತದ. ಆ ಒತ್ತು, ಆ ಜಗ್ಗು ಎಲ್ಲಾ ರಿವೆಟ್ಟಿನ ಸಾಲಿನ ಮ್ಯಾಲೆ.

ರಿಬ್ಬಿನ ಅಂಚು ಮಡಚಿ ಬಂದಿರ್ತದ. ಬಾಗಿದ ಅಂಚು ಮಡಚಿದ್ರ ತಗಡು ಒಂದು ಕಡೆ ಸೊಟ್ಟ ಆಗೇ ಆಗ್ತದ, ದುಂಡನ್ನ ಕೊರಳಿಗೆ ನೆಟ್ಟನ ಪಟ್ಟಿ ಹಚ್ಚಿದ್ರ ಆಗತದಲ್ಲ, ಹಂಗ. ನಾವೇನು ಮಾಡ್ತೇವಿ? ಹೆಚ್ಚಿನ ಬಟ್ಟಿ ಸಣ್ಣ ಸಣ್ಣ ನೆರಿಗಿ ಹಿಡದು ಒಳಗ ತಗೋತೇವಿ. ಅವರೂ ಅದನ್ನಽ ಮಾಡ್ತಾರ. ಒಂದು ಇಕ್ಕಳ ಅದ, ಅದರಿಂದ ಅಂಚಿಗೆ ತೂತು ತೂತಿನ ನಡುವ ಒಂದೊಂದು ನೆರಿಗಿ ಒತ್ತಿ ರಿಬ್ ನೆಟ್ಟಗ ಮಾಡ್ತಾರ. ನಮ್ಮ ಹುಡುಗಿ ಮೊದಲನೇ ದಿನಾನಽ ಇದನ್ನ ಹಿಡದ್ಲು. ಆಕಿ ಅಜ್ಜಿ ಕಡೆ ಜಂಪರ್ ಹೊಲಿಲಿಕ್ಕೆ ಕಲತಾಕಿ. ಅಳಿಯಾಗ ಒಂದು ವಾರ ಹಿಡೀತು.

ಆಮ್ಯಾಲೆ ತಗಡಿನ ಎಲ್ಲಾ ಅಂಚು, ಎಲ್ಲಾ ತೂತಿನ ಬಾಯಿ ತಿಕ್ಕಿ ನುಣ್ಣಗ ಮಾಡಬೇಕು. ಎಲ್ಲಾ ಅಂದ್ರ ಎಲ್ಲಾ, ಸಾವಿರಗಟ್ಟಲೆ. ಸಣ್ಣ ಒರಟು ಉಳದ್ರೂ ರೆಕ್ಕಿ ಬಾಗಿ ಬಾಗಿ ಅಲ್ಲಿಂದನಽ ಸೀಳು ಬಿಡ್ಲಿಕ್ಕೆ ಸುರು ಆಗಬಹುದು. ರಾತ್ರಿ ಹೊತ್ತು ಆಕಿ ಮಾಡೋ ಸದ್ದಿಲ್ಲದ ಕೆಲಸ ಇದು. ಬೆಳ್ಳ ತುದಿ ಅಂಚಿನ ಮ್ಯಾಲೆ ಆಡಿಸಿ ನೋಡ್ತಾಳ, ಮತ್ತ ತಿಕ್ಕತಾಳ, ಮತ್ತ ಆಡಿಸ್ತಾಳ. ಅಕ್ಕಿ ಆರಿಸಿದ ಕೈಗೆ ಈ ತಾಳ್ಮಿ ಹೊಸದಲ್ಲ.

ಮುಂದ ತಗಡು ರಿಬ್ಬಿನ ಮ್ಯಾಲೆ ಕೂಡಿಸಿ ಕ್ಲೀಕೋ ಅನ್ನೋ ಸ್ಪ್ರಿಂಗಿನ ಟಾಚಣಿ ಚುಚ್ಚತಾರ. ತೂತಿಗೊಂದು ಟಾಚಣಿ, ಸಣ್ಣ ತೂತಿಗೆ ಬೆಳ್ಳಿ ಬಣ್ಣದ್ದು, ಅದಕ್ಕಿಂತ ದೊಡ್ಡದಕ್ಕ ತಾಮ್ರದ ಬಣ್ಣದ್ದು. ಇದು ಕಚ್ಚಾ ಹೊಲಗಿ. ಎಲ್ಲಾ ಕೂಡ್ತಂದ್ರ ತೂತು ಪೂರ್ತಿ ಅಳತಿಗೆ ಕೊರದು, ಮತ್ತ ಎಲ್ಲಾ ಬಿಚ್ಚಿ, ಮತ್ತ ತಿಕ್ಕಿ, ತುಕ್ಕು ಹಿಡಿದಂಗ ಬಣ್ಣ ಹೊಡದು, ಮತ್ತ ಕೂಡಸ್ತಾರ. ಒಂದು ರೆಕ್ಕಿ ಎರಡೆರಡು ಸಲ ಕಟ್ಟಿದಂಗಽ. ಇನ್ನ ರಿವೆಟ್ಟಿನ ತಲಿ ಹೊರಗ ಉಬ್ಬಿ ನಿಂತ್ರ ಗಾಳಿ ತಡೀತದ. ಅದಕ್ಕ ತೂತಿನ ಸುತ್ತ ಒಂದು ಸಣ್ಣ ತಗ್ಗು ಒತ್ತತಾರ, ಕೆಳಗಿನ ರಿಬ್ಬಿಗೂ ಅಂಥಾದಽ ತಗ್ಗು. ಎರಡು ವಾಟಗಾ ಒಂದರೊಳಗ ಒಂದು ಕೂತಂಗ ಕೂತು, ಅದರಾಗ ರಿವೆಟ್ಟಿನ ತಲಿ ಮುಳುಗಿ ಸಪಾಟ ಆಗ್ತದ. ಪೂರ್ತಿ ವಿಮಾನಕ್ಕ ಇಂಥಾ ರಿವೆಟ್ 10,000ಕ್ಕೂ ಮ್ಯಾಲೆ.

ಈಗ ನಾ ಹೇಳಬೇಕಂತಿದ್ದ ಜಾಗಕ್ಕ ಬಂದೆ. ರಿವೆಟ್ ಹೊಡಿಯೋದು ಇಬ್ಬರ ಕೆಲಸ. ಹೊರಗ ನಿಂತವರ ಕೈಯಾಗ ಗಾಳಿ ಬಂದೂಕು, ಅದು ಟರ್ರ್ ಅಂತ ಬಡೀತದ. ಒಳಗ ಇನ್ನೊಬ್ಬರು ಒಂದು ಭಾರದ ಲೋಹದ ಗಟ್ಟಿ ರಿವೆಟ್ಟಿನ ಬಾಲಕ್ಕ ಒತ್ತಿ ಹಿಡದಿರಬೇಕು. ಬಾಲ ಚಪ್ಪಟಿ ಆಗಿ ಇನ್ನೊಂದು ತಲಿ ಆಗೋದು ಒಳಗಿನ ಗಟ್ಟಿ ಮ್ಯಾಲೆ. ಅದಕ್ಕ ಲೆಕ್ಕ ಅದ: ರಿವೆಟ್ ಎಷ್ಟು ದಪ್ಪ ಇರ್ತದ ಅದರ ಒಂದೂವರಿ ಪಟ್ಟು ಅಗಲ, ಅರ್ಧದಷ್ಟು ಎತ್ತರ. ತಗಡಿನ ರಿವೆಟ್ ಎರಡೂವರಿ ಮಿಲಿಮೀಟರಿಗೂ ಒಂದೆಳಿ ತೆಳು, ಅಂದ್ರ ತಲಿ ಎಷ್ಟು ಸಣ್ಣದಿರಬೇಕು ನೀವಽ ನೋಡ್ರಿ. ಗಟ್ಟಿ ಚೂರು ವಾರಿ ಆದ್ರ ತಲಿ ಸೊಟ್ಟ. ಸೊಟ್ಟ ಆಗಿದ್ದನ್ನ ಕೊರದು ತಗೀಬೇಕು, ಕೊರಿಯುವಾಗ ತೂತು ಅಗಲ ಆದ್ರ ಅದಕ್ಕಿಂತ ದಪ್ಪಂದು ಹಾಕಬೇಕು. ಹೊಲಗಿ ಬಿಚ್ಚಿದ್ರ ಬಟ್ಟಿ ಉಳೀತದ, ಕೊರದ ತೂತು ಮುಚ್ಚೋದಿಲ್ಲ.

ರೆಕ್ಕಿ ಕಡೇಕ ಮುಚ್ಚುವಾಗ ಕೆಳಗಿನ ತಗಡು ಸ್ವಲ್ಪ ಎತ್ತಿ ಹಿಡದು, ರಿಬ್ಬಿನ ನಡುವ ಮೊಣಕೈ ಮಟ ಕೈ ತೂರಸಬೇಕು. ಕಣ್ಣಿಗೆ ಏನೂ ಕಾಣಂಗಿಲ್ಲ. ಬೆಳ್ಳಿಗೆ ಕಾಣಬೇಕು. ಅಳಿಯಾನ ಕೈ ಅದರಾಗ ಹೋಗೂದಽ ಇಲ್ಲ. ಹೋಗೋದು ಈಕಿ ಕೈ. ತಾಸುಗಟ್ಟಲೆ ಭುಜಾ ತಗಡಿಗೆ ಒತ್ತಿ ಬಗ್ಗಿ ನಿಂತು, "ಹೂಂ" ಅಂತಾಳ, ಟರ್ರ್. "ಹೂಂ", ಟರ್ರ್. ಮುಂಗೈ ಮ್ಯಾಲೆ ಗೀರು ಎಣಿಸಿದ್ರ ಲೆಕ್ಕ ಹತ್ತಂಗಿಲ್ಲ.

ಎಣ್ಣಿ ಟಾಕಿನೂ ರೆಕ್ಕಿ ಒಳಗಽ ಇರ್ತದ, ಮುಂದಿನ ಅಂಚಿನಾಗ. ಅದರ ಸಂದಿಗೆಲ್ಲಾ ಅಂಟಿನಂಥಾ ಮುದ್ದಿ ಮೆತ್ತಬೇಕು. ಹತ್ತು ಪಾಲಿಗೆ ಒಂದು ಪಾಲು ಗಟ್ಟಿ ಮಾಡೋ ಔಷಧ, ತೂಕದಾಗ. ಕಲಸಿದ ಮ್ಯಾಲೆ ಗಟ್ಟಿ ಆಗೋದರೊಳಗ ಮುಗಸಬೇಕು. ಕೊಳೆತ ತತ್ತಿ ವಾಸನಿ, ಬಟ್ಟಿಗೆ ಹತ್ತಿದ್ರ ಆ ಬಟ್ಟಿ ಮುಗೀತು. ಕರ್ಚಿಕಾಯಿ ಅಂಚು ಸರಿಯಾಗಿ ಒತ್ತಲಿಲ್ಲಂದ್ರ ಹೂರಣ ಎಣ್ಣ್ಯಾಗ ಚೆಲ್ಲತದ, ಕಡಾಯಿ ಪೂರ್ತಿ ಹಾಳು. ಇಲ್ಲೆ ಚೆಲ್ಲೋದು ಪೆಟ್ರೋಲು. ಆಮ್ಯಾಲೆ ಪರೀಕ್ಷಾ ಹೆಂಗ ಮಾಡ್ತಾರ ಗೊತ್ತೇನು? ಟಾಕಿಗೆ ಸಾವಕಾಶ ಗಾಳಿ ತುಂಬಿ, ಒಂದು ಕಿಂಡಿಗೆ ಹುಟ್ಟಿದಹಬ್ಬದ ಪುಗ್ಗಾ ಕಟ್ಟಿ, ಸಂದಿಗೆಲ್ಲಾ ಸಾಬೂನು ನೀರು ಹಚ್ಚತಾರ. ಗುಳ್ಳಿ ಎದ್ದಲ್ಲೆ ತೂತು. ಪುಗ್ಗಾ ಮರುದಿನಾನೂ ಉಬ್ಬಿ ನಿಂತ್ರ ಟಾಕಿ ಪಾಸು. ಅವರ ಟಾಕಿ ಎರಡೂ ಒಂದಽ ಸಲಕ್ಕ ಪಾಸಾದ್ವು. ಮುದ್ದಿ ತೂಗಿ ಮೆತ್ತಿದಾಕಿ ಯಾರು ಅಂತ ಮತ್ತ ಹೇಳಬೇಕೇನು?

ಇಷ್ಟು ಹೇಳಿದ ಕೂಡಲೆ ಒಬ್ಬರು ಅಂದ್ರು, "ಓ ಅಂದ್ರ ಬರೇ ಹೊಲಗಿ ಇದ್ದಂಗ ಅನ್ರಿ." ಈ "ಬರೇ" ಅನ್ನೋದಽ ನನ್ನ ಜಗಳ. ಹೊಲಗಿಗೆ "ಬರೇ" ಹಚ್ಚಿದವರು ಯಾರು? ಕೌದಿ ಹೊಲಿಯೋ ನಮ್ಮ ಮುದುಕ್ಯಾರು ಹತ್ತು ಪದರು ಹಳೇ ಸೀರಿ ಒಂದು ಸುಕ್ಕಿಲ್ಲದಂಗ ಹಿಡದು ಟಾಕಿ ಹಾಕ್ತಾರ. ಕಸೂತಿ ಹಾಕೋರು ಎಳಿ ಎಣಿಸಿ, ಗಂಟಿಲ್ಲದ, ಗವಂತಿ ಹೊಲಗಿ ಎರಡೂ ಮಗ್ಗಲಿಗೆ ಒಂದಽ ಥರ ಕಾಣಹಂಗ ತರ್ತಾರ. ಅದಕ್ಕ ನಾವು "ಟೈಂಪಾಸ್" ಅಂದ್ವಿ. ಅದಽ ಅಳತಿ, ಅದಽ ತಾಳ್ಮಿ ತಗಡಿನ ಮ್ಯಾಲೆ ಬಂದ ಕೂಡಲೆ ಅದು ಇಂಜಿನಿಯರಿಂಗ್ ಆತು, ಮತ್ತ ಕೂಡಲೆ ಅಳಿಯಾಂದು ಆತು. ಬಟ್ಟಿ ಬದಲಿ ಆಗ್ಯದ, ಕೈ ಅದಽ ಅದ ರೀ.

ಅಷ್ಟಕ್ಕೂ ವಿಮಾನದ ರೆಕ್ಕಿ ಹುಟ್ಟಿದ್ದಽ ಬಟ್ಟಿಯಿಂದ. ರೈಟ್ ಅಣ್ಣತಮ್ಮರೊಳಗ ವಿಲ್ಬರ್ 1900ರಾಗ ಕಿಟ್ಟಿ ಹಾಕ್ ಅನ್ನೋ ಸಮುದ್ರದಂಡಿ ಊರಿಗೆ ಗ್ಲೈಡರ್ ಒಯ್ದಾಗ, ಬೇಕಾದಷ್ಟು ಉದ್ದದ ಕಟ್ಟಿಗಿ ಸಿಗಲಿಲ್ಲ. ರೆಕ್ಕಿ ಗಿಡ್ಡ ಆತು, ಹೊಲಿದು ತಂದ ಸ್ಯಾಟೀನ್ ಬಟ್ಟಿ ಕತ್ತರಿಸಿ ಮತ್ತ ಹೊಲೀಬೇಕಾತು. ಹೊಲಗಿ ಮಶೀನು ಯಾರದು? ಆ ಊರಿನ ಆಡಿ ಟೇಟ್ ಅನ್ನೋ ಗೃಹಿಣಿದು. ಸೀಜನ್ ಮುಗದು ಗ್ಲೈಡರ್ ಅಲ್ಲೇ ಬಿಟ್ಟು ಹೋದಾಗ ಆಕಿ ಆ ರೆಕ್ಕಿ ಬಟ್ಟಿ ಬಿಚ್ಚಿ ತನ್ನ ಇಬ್ಬರು ಹೆಣ್ಣಮಕ್ಕಳಿಗೆ ಫ್ರಾಕ್ ಹೊಲದ್ಲು! ಸೀರಿಯಿಂದ ಕೌದಿ, ಕೌದಿಯಿಂದ ಕಾಲೊರಸು ಮಾಡೋ ನಮಗ ಆಕಿ ಗುರ್ತಿನಾಕಿ ಅನಸ್ತಾಳ. 1903ರ ಡಿಸೆಂಬರಿನಾಗ ಹಾರಿದ ಮೊದಲ ವಿಮಾನದ ರೆಕ್ಕಿಗೂ ಸಾದಾ ಮಸ್ಲಿನ್ ಬಟ್ಟಿನಽ ಹೊದಿಸಿದ್ದು, ಅದನ್ನೂ ಕ್ರಾಸ್ ಕಟ್ ಹಿಡದು. ಎಳಿ ಓರಿ ಬಂದ್ರ ಬಟ್ಟಿನಽ ರೆಕ್ಕಿಯನ್ನ ಜಗ್ಗಿ ಬಿಗಿ ಹಿಡೀತದ ಅನ್ನೋದು ಅದರ ಗುಟ್ಟು. ಕ್ರಾಸ್ ಕಟ್ ಜಂಪರ್ ಯಾಕ ಮೈಗೆ ಕೂಡ್ತದ ಅಂತ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ಮೊದಲನೇ ಮಹಾಯುದ್ಧದಾಗ ರೆಕ್ಕಿಗೆ ಲಿನನ್ ಹೊಲದವರು ಕಾರಖಾನಿ ಹೆಣ್ಣಮಕ್ಕಳು. ಎರಡನೇದರಾಗ ತಗಡಿಗೆ ರಿವೆಟ್ ಹೊಡದವರು, ಗಟ್ಟಿ ಹಿಡದವರು ಎಷ್ಟೋ ಕಡೆ ಜೋಡಿ ಜೋಡಿ ಹೆಂಗಸರು. ಯುದ್ಧ ಮುಗದ ಮ್ಯಾಲೆ ಅವರನ್ನ ಮನಿಗೆ ಕಳಿಸಿದ್ರು, ಆ ಕತಿ ಬ್ಯಾರೆ.

ಒಬ್ಬಾಕಿ ಕತಿ ಮಾತ್ರ ಹೇಳೇ ಹೇಳತೇನಿ. ಐರ್ಲೆಂಡಿನ ಬೆಲ್‌ಫಾಸ್ಟ್ ಹತ್ತರ ಲಿಲಿಯನ್ ಬ್ಲ್ಯಾಂಡ್ ಅಂತ, ಪತ್ರಿಕಿಗೆ ಬರೀತಿದ್ಲು, ಫೋಟೋ ತಗೀತಿದ್ಲು. 1910ರಾಗ ಕಟ್ಟಿಗಿ, ಬಿದಿರು, ಕ್ಯಾಲಿಕೋ ಬಟ್ಟಿ ಕೂಡಿಸಿ ತಾನಽ ವಿಮಾನ ಕಟ್ಟಿದ್ಲು. ಇಂಜಿನ್ ಬಂತು, ಎಣ್ಣಿ ಟಾಕಿ ಬಂದಿರಲಿಲ್ಲ. ತಡಕೊಳ್ಳಲಿಕ್ಕೆ ಆಗಲಿಲ್ಲ, ಒಂದು ವಿಸ್ಕಿ ಬಾಟ್ಲಿ ಮತ್ತ ಕಿವುಡಿ ಮೌಶಿ ಕಿವಿಗೆ ಹಚ್ಕೊಳ್ಳೋ ತುತೂರಿ ತಗೊಂಡು ಎಣ್ಣಿ ಹಾಕಿದ್ಲು. ಇಂಜಿನ್ ಸುರು ಆತು, ವಿಮಾನ ಹಾರಿತು. ಮುಂದೇನಾತು? ಅಪ್ಪ ಹೆದರಿ, ಹಾರೋದು ಬಿಟ್ರ ಮೋಟಾರ್ ಕಾರ್ ಕೊಡಸ್ತೇನಿ ಅಂದ. ಆಕಿ ಬಿಟ್ಲು. ನಮ್ಮಲ್ಲೆ ಹೊಲಗಿ ಕ್ಲಾಸ್, ಸಂಗೀತ ಕ್ಲಾಸ್ ಬಿಡಸೋಹಂಗಽ. ಒಂದು ವ್ಯತ್ಯಾಸ, ನಮಗ ಕಾರ್ ಯಾರೂ ಕೊಡಸಲಿಲ್ಲ.

ಜೀವದ ಭೀತಿ ಮಾತು ಬಂತಲ್ಲ, ಅದನ್ನ ನಾ ತೇಲಿಸಿ ಬಿಡೋಹಂಗಿಲ್ಲ. ಮನ್ಯಾಗ ಕಟ್ಟಿದ ವಿಮಾನಕ್ಕ ಅಪಘಾತ ಕಾರಖಾನಿ ವಿಮಾನಕ್ಕಿಂತ ಹೆಚ್ಚು, ಇದು ಖರೇ. ಅಮೆರಿಕಾದ ಸಾರಿಗೆ ಸುರಕ್ಷತಾ ಮಂಡಳಿ 2012ರಾಗ ಇದರ ಮ್ಯಾಲೆ ದೊಡ್ಡ ಅಧ್ಯಯನ ಮಾಡಿ ವರದಿ ಕೊಟ್ಟದ. ಅದರಾಗ ಮುಖ್ಯ ಕಾರಣ ಎರಡು: ಇಂಜಿನ್ ಕೈಕೊಡೋದು, ಹಾರಸೋರ ಹಿಡಿತ ತಪ್ಪೋದು. ಅದಕ್ಕಽ ಮೊದಲಿಗೆ ಸಾಮಾನ್ಯ 25 ಇಲ್ಲಾ 40 ತಾಸು ಬ್ಯಾರೆ ಮಂದಿ ಕೂಡಿಸದ, ಗೊತ್ತು ಮಾಡಿದ ಜಾಗಾದಾಗಽ ಹಾರಿಸಿ ನೋಡಬೇಕು. ಒಳಗ ಕೂಡೋರ ಕಣ್ಣಿಗೆ ಬೀಳೋಹಂಗ "ಇದು ಹವ್ಯಾಸಿಗಳು ಕಟ್ಟಿದ್ದು, ಕಾರಖಾನಿ ವಿಮಾನದ ನಿಯಮಕ್ಕ ಒಳಪಟ್ಟಿದ್ದಲ್ಲ" ಅನ್ನೋ ಅರ್ಥದ ಚೀಟಿ ಅಂಟಿಸಲೇಬೇಕು. ಹೆದರೋರು ಹೆದರ್ರಿ, ತಂಗಿನೂ ಹೆದರತಾಳ, ನಾನೂ ದೇವರಿಗೆ ತುಪ್ಪದ ದೀಪ ಹಚ್ಚತೇನಿ. ಆದ್ರ "ಹೆಂಗಸು ಮುಟ್ಟಿದ ರೆಕ್ಕಿ" ಅಂತ ಹೆದರಬ್ಯಾಡ್ರಿ. ಆ ಟಾಕಿ ನಾ ನೋಡೇನಿ, ಆ ರಿವೆಟ್ ಸಾಲು ನಾ ಕೈ ಆಡಿಸೇನಿ.

ಈಗ ಆ ಹೊಗಳಿಕಿಗೆ ಬರ್ತೇನಿ. ಬರೇ ಬಾಯಿಮಾತು ಆಗಿದ್ರ ನಾ ಇಷ್ಟು ಬರೀತಿರಲಿಲ್ಲ. ಒಂದು ಕಾಗದ ಅದ ರೀ. ವಿಮಾನ ಕಟ್ಟಿ ಮುಗದ ಮ್ಯಾಲೆ ಸರಕಾರದವರು ಕಟ್ಟಿದವರಿಗೆ ರಿಪೇರ್‌ಮನ್ ಸರ್ಟಿಫಿಕೇಟ್ ಕೊಡ್ತಾರ. ಅದು ಕೈಯಾಗ ಇದ್ರ ಆ ವಿಮಾನದ ವರ್ಷಾ ವರ್ಷದ ತಪಾಸಣಿ ತಾವಽ ಮಾಡಿ ಸಹಿ ಹಾಕಬಹುದು, ಇಲ್ಲಂದ್ರ ಸಾಮಾನ್ಯವಾಗಿ ದುಡ್ಡು ಕೊಟ್ಟು ಲೈಸೆನ್ಸಿನ ಮೆಕ್ಯಾನಿಕ್ ಕರಸಬೇಕಾಗ್ತದ. ಈ ಸರ್ಟಿಫಿಕೇಟು ಒಂದು ವಿಮಾನಕ್ಕ ಒಬ್ಬರಿಗಽ. ಮುಖ್ಯವಾಗಿ ಕಟ್ಟಿದವರು ಯಾರೋ ಅವರಿಗೆ. ಇಬ್ಬರು ಕಟ್ಟ್ಯಾರ ಅಂತ ಇಬ್ಬರಿಗೆ ಕೊಡಂಗಿಲ್ಲ.

ಯಾರು ಕಟ್ಟಿದ್ರು ಅನ್ನೋದಕ್ಕ ಪುರಾವೆ ಏನು? ದಿನಚರಿ ವಹಿ ಮತ್ತ ಫೋಟೋ. ಅವರ ವಹಿ ನಾ ತೆಗೆದು ನೋಡಿದೆ. ಬರದಾಂವ ಅಳಿಯಾ, ಅಕ್ಷರ ಛಲೋ ಅವ. "ಇವತ್ತು ನಾಲ್ಕು ತಾಸು, ಎಡ ರೆಕ್ಕಿ, ರಿವೆಟ್." ಯಾರು ಅಂತ ಇಲ್ಲ. ಫೋಟೋ ಎಂಟುನೂರರ ಮ್ಯಾಲೆ ಅವ. ಎಲ್ಲಾದರಾಗೂ ಅಳಿಯಾ: ಬಂದೂಕು ಹಿಡದು, ನಕಾಶೆ ನೋಡಿ, ನಕ್ಕೋತ. ಈಕಿ ಒಂದರಾಗೂ ಇಲ್ಲ. ಯಾಕಂದ್ರ ಒಂದೋ ಆಕಿ ರೆಕ್ಕಿ ಒಳಗ ಕೈ ಹಾಕಿ ಬಗ್ಗಿರ್ತಾಳ, ಇಲ್ಲಾ ಫೋಟೋ ಹೊಡಿಲಿಕತ್ತಿರ್ತಾಳ. ಹಬ್ಬದ ಫೋಟೋದಾಗ ಅಡಗಿ ಮನ್ಯಾಗಿದ್ದಾಕಿ ಬರಲಾರದಂಗ!

ಅಳಿಯಾ ಕೆಟ್ಟಾಂವಲ್ಲ. ಬ್ಯಾಡ ಅಂದಾಂವೂ ಅಲ್ಲ. "ಯಾರ ಹೆಸರು ಇದ್ರೇನು, ಮನೀದಽ ಅಲ್ಲೇನು" ಅಂದ. ಬೀಗತಿ ಅಂತೂ ಊರಿಂದಽ ಫೋನಿನಾಗ ತೀರ್ಮಾನ ಮಾಡಿಬಿಟ್ರು, "ಗಂಡಸಿನ ಹೆಸರಿಲೆ ಇರಲಿ, ಛಂದ ಕಾಣ್ತದ." ನಮ್ಮ ಕಡೆಯವರೂ ಹೂಂ ಅಂದ್ರಿ. ಈಕಿನೂ "ಹೋಗಲಿ ಬಿಡು ಮೌಶಿ, ಅದರಾಗೇನದ" ಅಂತಾಳ. ಆಕಿ ಮಾತು ನಾ ಒಪ್ಪಂಗಿಲ್ಲ. ಯಾರ ಹೆಸರಾದ್ರೂ ಅಷ್ಟಽ ಅಂದ್ರ ಈಕಿ ಹೆಸರು ಯಾಕಾಗಬಾರದು? "ಅದರಾಗೇನದ" ಅನ್ನೋ ಮಾತು ಯಾವಾಗಲೂ ಹೆಂಗಸರ ಬಾಯಾಗಽ ಯಾಕ ಬರ್ತದ? ಮನಿ ಖರೀದಿ ಕಾಗದದಾಗ, ಬ್ಯಾಂಕಿನ ಪಾಸ್‌ಬುಕ್ಕಿನಾಗ, ಲಗ್ನಪತ್ರಿಕಿಯಾಗ "ಸೌಭಾಗ್ಯವತಿ" ಅಂತ ಒಂದು ಸಾಲಿನಾಗ ಸಣ್ಣಗ ಬಂದು ಹೋಗೋದಕ್ಕ ನಾವೆಲ್ಲಾ ಹಿಂಗಽ ಅಂದೇವಿ. ಅದರಾಗೇನದ ಅನ್ನೋದು ಗಂಡ ತೀರಿಕೊಂಡ ಮರುದಿನ ಬ್ಯಾಂಕಿಗೆ ಹೋದಾಗ ಗೊತ್ತಾಗ್ತದ. ನಿಮ್ಮೊಳಗ ಮೂರು ಮಂದಿಗೆ ಗೊತ್ತಾಗೇ ಅದ, ಹೆಸರು ಹೇಳಂಗಿಲ್ಲ.

ಇಲ್ಲೆ ನ್ಯಾಯ ಇನ್ನೂ ಸರಳ ಅದ. ತಪಾಸಣಿ ಅಂದ್ರ ಸೀಳು, ಸಡಿಲು, ಸೋರೋದು ಹುಡುಕೋದು. ಆ ಕಾಗದ ಬೇಕಂದ್ರ ವಿಮಾನ ಹಾರಲಿಕ್ಕೆ ಸುರಕ್ಷಿತ ಅದನೋ ಇಲ್ಲೋ ಹೇಳೋ ಕೌಶಲ್ಯ ತೋರಿಸಬೇಕು. ಒಳಗ ಕತ್ತಲಿಯೊಳಗ ಕೈ ಆಡಿಸಿ ಒಂದೊಂದು ರಿವೆಟ್ಟಿನ ತಲಿ ಗುರ್ತಿರೋ ಬೆಳ್ಳು ಯಾರದು? ಅಳಿಯಾ ಹಾರಸಲಿ, ಪೈಲಟ್ ಲೈಸೆನ್ಸ್ ಅಂವಂದಽ ಅದ, ಯಾರೂ ಕಸಗೊಳ್ಳಂಗಿಲ್ಲ. ತಪಾಸಣಿ ಸಹಿ ಈಕೀದಿರಲಿ.

ಫಾರಂ ತುಂಬೋದು ಇನ್ನೂ ಎರಡು ವರ್ಷ ಅದ. ಬಲಗಡೆ ರೆಕ್ಕಿ ಮುಗದದ, ಎಡಗಡೆದರ ಕೆಳಗಿನ ತಗಡು ಮುಚ್ಚೋದು ಉಳದದ, ಆಮ್ಯಾಲೆ ನಡುಭಾಗ, ಇಂಜಿನ್. ಆಕಿಗೆ ನಾ ಹೇಳಿಬಂದೇನಿ: ಫೋನು ಸ್ಟೂಲಿನ ಮ್ಯಾಲೆ ಆನಿಸಿ ಇಟ್ಟು ಟೈಮರ್ ಹಚ್ಚು, ಕೈ ಒಳಗಿದ್ದಾಗಽ ಫೋಟೋ ಬೀಳಬೇಕು, ಮುಖಾನೂ ಕಾಣಬೇಕು. ವಹಿ ನೀನಽ ಬರಿ, ನಿನ್ನ ಅಕ್ಷರದಾಗ, ನಿನ್ನ ತಾಸು ಬ್ಯಾರೆ, ಅವನ ತಾಸು ಬ್ಯಾರೆ. ನೀವೂ ಮುಂದಿನ ಐತವಾರ ವಿಡಿಯೋ ಕಾಲಿನಾಗ ಅಳಿಯಾನ್ನ ಹೊಗಳೋಕಿಂತ ಮೊದಲು ಆಕಿಗೆ ಕೇಳ್ರಿ, ಈ ವಾರ ಎಷ್ಟು ರಿವೆಟ್ ಆತು ಅಂತ. ಬೀಗತಿ ಕೂಡ ಮಾತಾಡೋದು ನನಗ ಬಿಡ್ರಿ, ಶ್ರಾವಣದಾಗ ಅರಿಷಿಣ-ಕುಂಕುಮಕ್ಕ ಕರದಾರ, ಹೋಗಾಕಿ ಇದ್ದೇನಿ.